ಎಂಟು ವಾರ ಹಳೆಯ ಹೊಸ ಮೊಡವೆ

ಅಂಗೈಯಲ್ಲಿ ಮೊಡವೆ ಎದ್ದವರನ್ನು ಯಾರಾದರೂ ನೋಡಿದ್ದೀರಾ? ಅಂಗಾಲಿನಲ್ಲಿ? ಬಸ್ಸಿನ ಕಂಬಿ, ಹಳೆಯ ನೋಟು, ಗಾಡಿಯ ಮಸಿ, ಬೋಂಡಾದ ಎಣ್ಣೆ, ದಿನವಿಡೀ ಎಲ್ಲವನ್ನೂ ಮುಟ್ಟುವುದು ಅಂಗೈ. ಅದಕ್ಕೆ ಏನೂ ಆಗುವುದಿಲ್ಲ. ದಿನಕ್ಕೆ ನಾಲ್ಕು ಸಲ ತೊಳೆಸಿಕೊಂಡು, ಪೌಡರು ಹಚ್ಚಿಸಿಕೊಂಡು, ಕನ್ನಡಿಯ ಮುಂದೆ ಆರೈಕೆ ಮಾಡಿಸಿಕೊಳ್ಳುವ ಮುಖಕ್ಕೆ ಮಾತ್ರ ಮೊಡವೆ. ಕೊಳೆಯೇ ಕಾರಣವಾಗಿದ್ದರೆ ಲೆಕ್ಕ ತಿರುವುಮುರುವು ಆಗಬೇಕಿತ್ತು.

ಮನೆಯ ಹಿರಿಯರನ್ನು ಕೇಳಿ ನೋಡಿ. ‘ಮೈ ಉಷ್ಣ ಆಗಿದೆ ಕಣೇ, ಮಾವಿನಹಣ್ಣು ಕಡಿಮೆ ಮಾಡು’ ಎನ್ನುತ್ತಾರೆ ಅಜ್ಜಿ. ‘ಹರೆಯ ಅಲ್ವಾ, ತಾನಾಗೇ ಹೋಗುತ್ತೆ ಬಿಡು’ ಎನ್ನುತ್ತಾರೆ ಸೋದರತ್ತೆ. ಸೋದರತ್ತೆಯ ಮಾತು ಬಹುಪಾಲು ಸರಿ. ಅಜ್ಜಿಯ ಮಾತಿನಲ್ಲಿ ಒಂದು ತೊಡಕಿದೆ. ತೊಡಕಿರುವುದು ಕಾಲದ ಲೆಕ್ಕದಲ್ಲಿ. ಇವತ್ತು ಕೆನ್ನೆಯ ಮೇಲೆ ಕೆಂಪಗೆ ಎದ್ದ ಮೊಡವೆಯ ಕೆಲಸ ಚರ್ಮದೊಳಗೆ ಶುರುವಾದದ್ದು ಸುಮಾರು ಎಂಟು ವಾರದ ಹಿಂದೆ. ಇದೊಂದು ಸಂಗತಿ ಮನಸ್ಸಿನಲ್ಲಿದ್ದರೆ ಸಾಕು, ಮೊಡವೆಯ ಬಗ್ಗೆ ಕಿವಿಗೆ ಬೀಳುವ ಮಾತುಗಳಲ್ಲಿ ಜೊಳ್ಳೆಷ್ಟು ಕಾಳೆಷ್ಟು ಎಂದು ನಾವೇ ಬೇರ್ಪಡಿಸಬಹುದು.

ಕೂದಲಿಲ್ಲದ ಕಡೆ ಮೊಡವೆಯಿಲ್ಲ

ಮುಖದಲ್ಲಿ ಇದ್ದು ಅಂಗೈಯಲ್ಲಿ ಇಲ್ಲದ್ದು ಏನು? ಕೂದಲು. ಹೆಂಗಸರ ಕೆನ್ನೆಯ ಮೇಲೂ ಬಿಸಿಲಿಗೆ ಹಿಡಿದರೆ ಮಾತ್ರ ಕಾಣುವ ನವಿರಾದ ರೋಮಗಳಿವೆ. ಪ್ರತಿ ರೋಮವೂ ಚರ್ಮದ ಒಂದು ಸಣ್ಣ ಗುಳಿಯಿಂದ ಮೇಲೆ ಬರುತ್ತದೆ. ಅದು ರೋಮಕೂಪ. ಕೂಪದ ಮಗ್ಗುಲಿಗೆ ಅಂಟಿಕೊಂಡು ಒಂದು ಜಿಡ್ಡುಗ್ರಂಥಿ ಇರುತ್ತದೆ. ಅದು ಸುರಿಸುವ ಜಿಡ್ಡಿಗೆ ವೈದ್ಯರು ಸೀಬಮ್ ಎನ್ನುತ್ತಾರೆ. ಈ ಗ್ರಂಥಿಯ ಕಾರ್ಯವೈಖರಿ ವಿಚಿತ್ರ. ಬೆವರಿನ ಗ್ರಂಥಿಯ ಕೋಶಗಳ ಹಾಗೆ ಇದರ ಜೀವಕೋಶಗಳು ರಸವನ್ನು ಹೊರಕ್ಕೆ ಬಿಟ್ಟು ತಾವು ಉಳಿಯುವುದಿಲ್ಲ; ಅವು ಕೊಬ್ಬು ತುಂಬಿಕೊಂಡು ಉಬ್ಬಿ, ಕೊನೆಗೆ ತಾವೇ ಒಡೆದು ಜಿಡ್ಡಾಗಿಬಿಡುತ್ತವೆ.

ಹಣೆ, ಮೂಗು, ಕೆನ್ನೆಗಳಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ 400ರಿಂದ 900 ಜಿಡ್ಡುಗ್ರಂಥಿಗಳು ಇರುತ್ತವೆ. ಎದೆ ಮತ್ತು ಬೆನ್ನಿನ ಮೇಲ್ಭಾಗದಲ್ಲೂ ಅವು ದಟ್ಟ. ಕೈಕಾಲುಗಳಲ್ಲಿ ವಿರಳ. ಅಂಗೈ, ಅಂಗಾಲಿನಲ್ಲಿ ಒಂದೂ ಇಲ್ಲ. ಮೊಡವೆ ಏಳುವ ಜಾಗಗಳನ್ನು ಗುರುತು ಹಾಕುತ್ತ ಹೋದರೆ ಈ ಗ್ರಂಥಿಗಳ ನಕ್ಷೆಯೇ ಸಿಕ್ಕುತ್ತದೆ. ಲೇತ್ ಯಂತ್ರದ ಮುಂದೆ ನಿಂತು ಕೆಲಸ ಮಾಡುವವರ ತೋಳಿನ ಮೇಲೆ ಯಂತ್ರದ ಎಣ್ಣೆ ಸಿಡಿದು ಮೊಡವೆಯಂಥ ಗುಳ್ಳೆಗಳು ಏಳುವುದುಂಟು. ಅದೇ ಎಣ್ಣೆಯಲ್ಲಿ ನೆನೆದ ಅಂಗೈ ಮಾತ್ರ ನುಣ್ಣಗೇ ಇರುತ್ತದೆ. ಅಲ್ಲಿ ಕಟ್ಟಿಕೊಳ್ಳಲು ರೋಮಕೂಪವೇ ಇಲ್ಲ.

ಬಚ್ಚಲ ಕಿಂಡಿ

ಬಚ್ಚಲುಮನೆಯ ಕಿಂಡಿ ಕಟ್ಟಿಕೊಳ್ಳುವುದನ್ನು ಎಲ್ಲರೂ ಕಂಡಿದ್ದೇವೆ. ಅದು ಒಂದೇ ದಿನದಲ್ಲಿ ಕಟ್ಟುವುದಿಲ್ಲ. ಸೋಪಿನ ಜಿಡ್ಡಿಗೆ ಉದುರಿದ ಕೂದಲು ಅಂಟಿ, ಅದಕ್ಕೆ ಸೀಗೆಪುಡಿಯ ಗಷ್ಟು ಸೇರಿ, ವಾರಗಟ್ಟಲೆ ಒಳಗೊಳಗೇ ಬಿರಡೆ ಬೆಳೆಯುತ್ತದೆ. ಒಂದು ಬೆಳಗ್ಗೆ ನೀರು ನಿಂತಾಗಲೇ ಮನೆಯವರಿಗೆ ಗೊತ್ತಾಗುವುದು. ಆಗ ಬಚ್ಚಲ ಕಲ್ಲನ್ನು ಎಷ್ಟು ಉಜ್ಜಿ ತೊಳೆದರೂ ಪ್ರಯೋಜನವಿಲ್ಲ, ಕಟ್ಟಿರುವುದು ಕೆಳಗೆ.

ರೋಮಕೂಪದಲ್ಲಿ ನಡೆಯುವುದೂ ಇದೇ. ಕೂಪದ ಒಳಗೋಡೆಯ ಸತ್ತ ಕೋಶಗಳು ದಿನವೂ ಉದುರುತ್ತವೆ. ಸಾಮಾನ್ಯವಾಗಿ ಅವು ಬಿಡಿಬಿಡಿಯಾಗಿ, ಜಿಡ್ಡಿನ ಜೊತೆ ಮೇಲಕ್ಕೆ ಬಂದು ಹೋಗುತ್ತವೆ. ಮೊಡವೆ ಬರುವವರಲ್ಲಿ ಅವು ಹೆಚ್ಚಾಗಿ ಹುಟ್ಟುತ್ತವೆ ಮತ್ತು ಒಂದಕ್ಕೊಂದು ಅಂಟಿಕೊಂಡು ಉಳಿಯುತ್ತವೆ. ಜಿಡ್ಡೂ ಸತ್ತ ಕೋಶಗಳೂ ಸೇರಿ ಕೂಪದ ಕತ್ತಿನಲ್ಲಿ ಒಂದು ಪುಟ್ಟ ಬಿರಡೆ ಕಟ್ಟುತ್ತದೆ. ವೈದ್ಯರು ಇದಕ್ಕೆ ಮೈಕ್ರೋಕೊಮೆಡೋನ್ ಎನ್ನುತ್ತಾರೆ. ನಾವು ಮೂಲಬಿರಡೆ ಎನ್ನೋಣ. ಇದು ಕಣ್ಣಿಗೆ ಕಾಣದು, ಮುಟ್ಟಿದರೆ ತಿಳಿಯದು. ನುಣುಪಾಗಿ ಕಾಣುವ ಕೆನ್ನೆಯಲ್ಲೂ ಇಂಥವು ಹತ್ತಾರು ಇರಬಹುದು. ಮೊಡವೆಯ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಘಟ್ಟ ಇದು, ಯಾರ ಗಮನಕ್ಕೂ ಬಾರದ ಘಟ್ಟವೂ ಇದೇ.

ವಾರಗಳು ಕಳೆದಂತೆ ಬಿರಡೆ ದಪ್ಪಗಾಗುತ್ತದೆ. ಕೂಪದ ಬಾಯಿ ಮುಚ್ಚಿದ್ದರೆ ಬಿಳಿಯ ಚುಕ್ಕೆ. ಬಾಯಿ ತೆರೆದಿದ್ದರೆ ಕಪ್ಪು ಚುಕ್ಕೆ, ಅಂದರೆ ಬ್ಲ್ಯಾಕ್‌ಹೆಡ್. ಈ ಕಪ್ಪನ್ನು ಕೊಳೆ ಎಂದುಕೊಂಡು ಮೂಗು ಕೆಂಪಾಗುವವರೆಗೆ ಉಜ್ಜುವವರಿದ್ದಾರೆ. ಅದು ಚರ್ಮದ್ದೇ ಬಣ್ಣವಾದ ಮೆಲನಿನ್ ಮತ್ತು ಗಾಳಿ ತಾಗಿ ಕಂದಿದ ಜಿಡ್ಡು. ಉಜ್ಜಿದರೆ ಹೋಗುವಂಥದ್ದಲ್ಲ.

ಕೆಂಪು, ಕೀವು, ನೋವು

ಬಿರಡೆ ಇನ್ನೂ ಮೊಡವೆಯಲ್ಲ. ಅದು ಕೆಂಪಾಗಲು ಒಂದು ಬ್ಯಾಕ್ಟೀರಿಯಾ ಬೇಕು. 2016ರವರೆಗೆ ಅದರ ಹೆಸರು ಪ್ರೊಪಿಯೋನಿಬ್ಯಾಕ್ಟೀರಿಯಮ್ ಆ್ಯಕ್ನೆಸ್. ಆಮೇಲೆ ಕುಲನಾಮ ಬದಲಿಸಿ ಕ್ಯೂಟಿಬ್ಯಾಕ್ಟೀರಿಯಮ್ ಎಂದು ಮರುನಾಮಕರಣ ಮಾಡಿದರು. ನಮ್ಮ ಈ ಬ್ಯಾಕ್ಟೀರಿಯಾ ಮೊಡವೆ ಇದ್ದವರ ಮೇಲೂ ಇಲ್ಲದವರ ಮೇಲೂ ವಾಸಿಸುತ್ತದೆ. ಅದು ಅಂಟುರೋಗದ ಕ್ರಿಮಿಯಲ್ಲ. ಅದಕ್ಕೆ ಗಾಳಿ ಕಡಿಮೆ ಇರಬೇಕು, ಜಿಡ್ಡು ಹೆಚ್ಚಿರಬೇಕು. ಬಿರಡೆ ಬಿದ್ದ ರೋಮಕೂಪದಲ್ಲಿ ಎರಡೂ ಸಿಕ್ಕುತ್ತವೆ.

ಬ್ಯಾಕ್ಟೀರಿಯಾ ಜಿಡ್ಡನ್ನು ಒಡೆದು ಉಣ್ಣುವಾಗ ಹುಟ್ಟುವ ಆಮ್ಲಗಳು ಕೂಪದ ಗೋಡೆಯನ್ನು ಕೆರಳಿಸುತ್ತವೆ. ದೇಹದ ರಕ್ಷಣಾ ವ್ಯವಸ್ಥೆ ಎಚ್ಚೆತ್ತು ಬಿಳಿ ರಕ್ತಕಣಗಳನ್ನು ಅಲ್ಲಿಗೆ ಕಳಿಸುತ್ತದೆ. ರಕ್ತನಾಳಗಳು ಹಿಗ್ಗಿ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ. ಕೀವು ಎಂದರೆ ಬಹುಪಾಲು ಅಲ್ಲಿ ಸತ್ತುಬಿದ್ದ ಬಿಳಿ ರಕ್ತಕಣಗಳೇ. ಮೊಡವೆಯ ಊತ, ಉರಿ, ನೋವು ಹೆಚ್ಚಾಗಿ ನಮ್ಮ ದೇಹವೇ ಮಾಡಿಕೊಂಡ ಗದ್ದಲ. ಗೋಡೆ ಒಳಮುಖವಾಗಿ ಒಡೆದರೆ ಜಿಡ್ಡು ಚರ್ಮದ ಆಳಕ್ಕೆ ಹರಡಿ ಗಂಟಾಗುತ್ತದೆ, ಗುಳಿಬೀಳುತ್ತದೆ. ಮೊಡವೆಯನ್ನು ಹಿಸುಕಿದಾಗ ಸ್ವಲ್ಪ ಕೀವು ಹೊರಗೆ ಚಿಮ್ಮಿ ಸಮಾಧಾನ ಸಿಕ್ಕುವುದೇನೋ ನಿಜ. ಆದರೆ ಅದೇ ಒತ್ತಡಕ್ಕೆ ಗೋಡೆ ಒಳಗೆ ಒಡೆಯುತ್ತದೆ. ನಮ್ಮ ಕಂದು ಚರ್ಮದಲ್ಲಿ ಉರಿಯೂತ ಇಳಿದ ಮೇಲೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಚರ್ಮವೈದ್ಯರ ಬಳಿ ಹೋಗುವ ಎಷ್ಟೋ ಹುಡುಗಿಯರ ಸಂಕಟ ಮೊಡವೆಯಲ್ಲ, ಅದು ಬಿಟ್ಟುಹೋದ ಕಲೆ.

ಹದಿನಾಲ್ಕರಲ್ಲೇ ಯಾಕೆ?

ಜಿಡ್ಡುಗ್ರಂಥಿಗೆ ಅಪ್ಪಣೆ ಕೊಡುವುದು ಆಂಡ್ರೊಜೆನ್ ಎಂಬ ಹಾರ್ಮೋನುಗಳು. ಇವಕ್ಕೆ ಗಂಡು ಹಾರ್ಮೋನು ಎಂಬ ಹೆಸರಿದ್ದರೂ ಹೆಣ್ಣುಮಕ್ಕಳ ಅಂಡಾಶಯ, ಅಡ್ರಿನಲ್ ಗ್ರಂಥಿಗಳಲ್ಲೂ ತಯಾರಾಗುತ್ತವೆ. ಏಳೆಂಟು ವರ್ಷಕ್ಕೇ ಅಡ್ರಿನಲ್ ಶುರುಮಾಡುತ್ತದೆ, ಹರೆಯದಲ್ಲಿ ಪ್ರಮಾಣ ಏರುತ್ತದೆ, ಜಿಡ್ಡುಗ್ರಂಥಿ ಹಿಗ್ಗುತ್ತದೆ. ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ಸಂಶೋಧಕ 1941ರಲ್ಲಿ ಇದಕ್ಕೆ ನೇರ ಸಾಕ್ಷ್ಯ ಒದಗಿಸಿದ. ಹರೆಯಕ್ಕೆ ಮೊದಲೇ ವೃಷಣ ಕಳೆದುಕೊಂಡವರಿಗೆ ಮೊಡವೆ ಬರುವುದಿಲ್ಲ. ಅವರಿಗೆ ಟೆಸ್ಟೊಸ್ಟೆರಾನ್ ಕೊಟ್ಟಾಗ ಕೆಲವರಲ್ಲಿ ಮೊಡವೆ ಎದ್ದವು. 12ರಿಂದ 24 ವರ್ಷದವರಲ್ಲಿ ಸುಮಾರು ಶೇ. 85ರಷ್ಟು ಜನ ಒಂದಲ್ಲ ಒಂದು ಹಂತದಲ್ಲಿ ಮೊಡವೆ ಕಾಣುತ್ತಾರೆ. ಉಳಿದವರೇ ಅಪರೂಪದವರು ಎನ್ನಬೇಕು.

ಎಲ್ಲರಿಗೂ ಒಂದೇ ತೀವ್ರತೆ ಇರುವುದಿಲ್ಲ. ಅಪ್ಪ ಅಮ್ಮನಿಗೆ ಜೋರಾಗಿ ಬಂದಿದ್ದರೆ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಮುಟ್ಟು ತಪ್ಪುತ್ತಿದ್ದು, ಗದ್ದದ ಮೇಲೆ ದಪ್ಪ ಕೂದಲು ಬಂದು, ದವಡೆಯ ಅಂಚಿನಲ್ಲಿ ಮೊಡವೆ ಬಿಡದೆ ಏಳುತ್ತಿದ್ದರೆ ಅದು ಅಂಡಾಶಯದ ಪಿ.ಸಿ.ಓ.ಎಸ್. ಸಮಸ್ಯೆಯ ಸೂಚನೆ ಇರಬಹುದು. ಅಲ್ಲಿ ಮುಖಕ್ಕೆ ಏನು ಹಚ್ಚಿದರೂ ಮೂಲ ಬೇರೆಡೆ ಉಳಿಯುತ್ತದೆ.

ಪರೀಕ್ಷೆ ಬಂದಾಗ ಮೊಡವೆ ಜಾಸ್ತಿ ಎಂದು ಪಿಯುಸಿ ಮಕ್ಕಳು ಗೊಣಗುತ್ತಾರೆ. ಅವರ ಗೊಣಗಾಟದಲ್ಲಿ ಹುರುಳಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 22 ವಿದ್ಯಾರ್ಥಿಗಳನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಯ ಒತ್ತಡ ಹೆಚ್ಚಿದವರಿಗೆ ಮೊಡವೆಯೂ ಉಲ್ಬಣಿಸಿತ್ತು. ಎಂಟು ವಾರದ ಮಾತು ಇಲ್ಲಿ ಸುಳ್ಳಾಗಲಿಲ್ಲವೇ? ಇಲ್ಲ. ಒತ್ತಡವಾಗಲಿ, ಮುಟ್ಟಿನ ಮುಂಚಿನ ದಿನಗಳ ಹಾರ್ಮೋನು ಏರಿಳಿತವಾಗಲಿ, ಆಗಲೇ ಕಟ್ಟಿ ಕುಳಿತ ಬಿರಡೆಗಳನ್ನು ಕೆರಳಿಸಲು ಕೆಲವು ದಿನ ಸಾಕು. ಬಿರಡೆ ಮಾತ್ರ ಹಳೆಯದೇ.

ನಿನ್ನೆಯ ಬೋಂಡಾ

ನಿನ್ನೆ ತಿಂದ ಬೋಂಡಾಕ್ಕೂ ಇವತ್ತಿನ ಮೊಡವೆಗೂ ಹಾಗಾದರೆ ಸಂಬಂಧ ಹಚ್ಚುವುದು ಕಷ್ಟ. ಬಾಣಲೆಯ ಎಣ್ಣೆ ಹೊಟ್ಟೆಯಿಂದ ಸೋಸಿಕೊಂಡು ಹಣೆಗೆ ಬರುವುದಿಲ್ಲ. ಜಿಡ್ಡನ್ನು ಗ್ರಂಥಿಯೇ ತಯಾರಿಸುತ್ತದೆ. ಹಾಗೆಂದು ಊಟಕ್ಕೂ ಮೊಡವೆಗೂ ಏನೇನೂ ನಂಟಿಲ್ಲ ಎಂದು ಒಂದು ಕಾಲದಲ್ಲಿ ವೈದ್ಯರು ಹೇಳುತ್ತಿದ್ದುದೂ ದುಡುಕು. ಆ ಮಾತಿಗೆ ಆಧಾರವಾಗಿದ್ದ ಪ್ರಸಿದ್ಧ ಪ್ರಯೋಗ ನಡೆದದ್ದು 1969ರಲ್ಲಿ. 65 ಜನರಿಗೆ ಒಂದಷ್ಟು ಕಾಲ ಚಾಕೊಲೇಟು, ಇನ್ನೊಂದಷ್ಟು ಕಾಲ ಚಾಕೊಲೇಟಿಲ್ಲದ ಮಿಠಾಯಿ ತಿನ್ನಿಸಿ, ವ್ಯತ್ಯಾಸವಿಲ್ಲ ಎಂದರು. ಆ ಇನ್ನೊಂದು ಮಿಠಾಯಿಯಲ್ಲೂ ಸಕ್ಕರೆ, ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು! ಚಾಕೊಲೇಟು ತಯಾರಕರ ಸಂಘದ ನೆರವೂ ಆ ಪ್ರಯೋಗಕ್ಕಿತ್ತು.

2002ರಲ್ಲಿ ಲೊರೆನ್ ಕೊರ್ಡೇನ್ ಎಂಬ ಸಂಶೋಧಕ ಮತ್ತು ಜೊತೆಗಾರರು ಪಪುವಾ ನ್ಯೂಗಿನಿಯ ಕಿಟಾವ ದ್ವೀಪದ ಸಮೀಕ್ಷೆಯನ್ನು ಪ್ರಕಟಿಸಿದರು. ಗೆಡ್ಡೆ, ಹಣ್ಣು, ಮೀನು, ತೆಂಗಿನಕಾಯಿ ತಿಂದು ಬದುಕುವ ಸುಮಾರು 1,200 ಜನರನ್ನು ಪರೀಕ್ಷಿಸಿದರೆ ಒಬ್ಬರಲ್ಲೂ ಮೊಡವೆ ಕಾಣಲಿಲ್ಲ. ಅವರಲ್ಲಿ 300 ಜನ 15ರಿಂದ 25 ವರ್ಷದವರು. ಅದು ವಂಶಗುಣವೋ ಆಹಾರವೋ ಎಂಬುದನ್ನು ಆ ಸಮೀಕ್ಷೆಯೊಂದರಿಂದ ಬಿಡಿಸಲಾಗದು. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 43 ಯುವಕರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ರಕ್ತದ ಸಕ್ಕರೆಯನ್ನು ನಿಧಾನವಾಗಿ ಏರಿಸುವ ಊಟ ಕೊಟ್ಟು 12 ವಾರ ನೋಡಿದರು. ಆ ಗುಂಪಿನಲ್ಲಿ ಸರಾಸರಿ 20ಕ್ಕೂ ಹೆಚ್ಚು ಗುಳ್ಳೆ ಕಡಿಮೆಯಾದವು. ಕಾರಣವೂ ಅರ್ಥವಾಗುವಂಥದ್ದೇ. ಮೈದಾ, ಸಕ್ಕರೆ, ಬಾಟಲಿಯ ಸಿಹಿ ಪಾನೀಯ ರಕ್ತದಲ್ಲಿ ಇನ್ಸುಲಿನ್ನನ್ನು ಏರಿಸುತ್ತವೆ. ಇನ್ಸುಲಿನ್ ಮತ್ತು ಅದರ ನಂಟಿನ ಇನ್ನೊಂದು ಹಾರ್ಮೋನು ಜಿಡ್ಡುಗ್ರಂಥಿಯನ್ನೂ ಕೂಪದ ಗೋಡೆಯನ್ನೂ ಚುರುಕುಗೊಳಿಸುತ್ತವೆ. ಹಾಲಿನ ಮೇಲೂ ಅನುಮಾನವಿದೆ, ಸಾಬೀತಾಗಿಲ್ಲ. ಮನೆಯ ಒಂದು ಲೋಟ ಹಾಲಿಗಿಂತ ಜಿಮ್ಮಿಗೆ ಹೋಗುವ ಹುಡುಗರು ಡಬ್ಬಿಯಿಂದ ಕಲಸಿ ಕುಡಿಯುವ ಹಾಲಿನ ಪ್ರೊಟೀನ್ ಪುಡಿಯ ಮೇಲೆ ನನಗೆ ಅನುಮಾನ ಹೆಚ್ಚು.

ತೇದು ಹಚ್ಚುವ ಮದ್ದುಗಳು

ಸುಶ್ರುತ ಸಂಹಿತೆ ಮೊಡವೆಯನ್ನು ಕ್ಷುದ್ರರೋಗಗಳ ಸಾಲಿಗೆ ಸೇರಿಸಿ, ಹರೆಯದವರ ಮುಖದಲ್ಲಿ ಬೂರುಗದ ಮುಳ್ಳಿನಂತೆ ಏಳುವುದು ಎಂದು ಗುರುತಿಸಿದೆ. ಬೂರುಗದ ಕಾಂಡವನ್ನು ನೋಡಿದವರಿಗೆ ಆ ನೋಟ ಎಷ್ಟು ನಿಖರ ಎಂದು ತಿಳಿಯುತ್ತದೆ. ಆಯುರ್ವೇದ ಗ್ರಂಥಗಳು ಲೋಧ್ರ, ಕೊತ್ತಂಬರಿ ಬೀಜ, ಬಜೆಗಳ ಲೇಪ ಹೇಳುತ್ತವೆ. ನಮ್ಮ ಮನೆಗಳಲ್ಲಿ ಸಾಣೆಕಲ್ಲಿನ ಮೇಲೆ ಶ್ರೀಗಂಧವೋ ಜಾಯಿಕಾಯಿಯೋ ತೇದು ಹಚ್ಚುತ್ತಾರೆ. ಕಸ್ತೂರಿ ಅರಿಶಿನ, ಬೇವಿನ ಸೊಪ್ಪು, ಲೋಳೆಸರ, ಮುಲ್ತಾನಿ ಮಿಟ್ಟಿ, ಕಡಲೆಹಿಟ್ಟು ಪಟ್ಟಿಯಲ್ಲಿ ಸೇರುತ್ತವೆ. ಹಚ್ಚಿದವರೆಲ್ಲ ‘ವಾರದಲ್ಲಿ ಹೋಯಿತು’ ಎಂದು ಹೇಳುತ್ತಾರೆ.

ಅವರು ಹೇಳುವುದು ಸುಳ್ಳಲ್ಲ. ಆದರೆ ಸಾಧಾರಣ ಮೊಡವೆ ಏನೂ ಹಚ್ಚದಿದ್ದರೂ ವಾರದಲ್ಲೋ ಹತ್ತು ದಿನದಲ್ಲೋ ಇಳಿಯುತ್ತದೆ. ಮೊಡವೆ ತೀರ ಕೆಂಪಾದ ದಿನವೇ ನಾವು ಗಂಧ ತೇಯಲು ಕೂರುವುದು. ಆಮೇಲೆ ಅದು ಇಳಿಯದೆ ಬೇರೆ ದಾರಿಯಿಲ್ಲ. ಹೆಸರು ಗಂಧಕ್ಕೆ. ಮೇಲೆ ಹೇಳಿದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ ಊಟ ಬದಲಿಸದ ಗುಂಪಿನಲ್ಲೂ ಸರಾಸರಿ ಸುಮಾರು 12 ಗುಳ್ಳೆ ತಾವಾಗಿ ಕಡಿಮೆಯಾಗಿದ್ದವು. ಆ ಗುಂಪಿನ ಹುಡುಗರು ದಿನಾ ಯಾವುದೋ ಲೇಪ ಬಳಿದುಕೊಂಡಿದ್ದರೆ ಅದರ ಜಾಹೀರಾತಿಗೆ ಅವರೇ ಸಾಕಾಗುತ್ತಿತ್ತು. ಆದ್ದರಿಂದ ಮದ್ದನ್ನು ಅಳೆಯಬೇಕಾದರೆ ಹಚ್ಚದವರ ಜೊತೆ, ಅಥವಾ ಗೊತ್ತಿರುವ ಔಷಧದ ಜೊತೆ ಹೋಲಿಸಲೇಬೇಕು.

ಹಾಗೆ ಹೋಲಿಸಿದ್ದು ಕೆಲವೇ ಇವೆ. ಆಸ್ಟ್ರೇಲಿಯಾದ ಟೀ ಟ್ರೀ ಎಂಬ ಗಿಡದ ಎಣ್ಣೆ ಗೆದ್ದಿದೆ. 1990ರಲ್ಲಿ 124 ರೋಗಿಗಳ ಮೇಲೆ ಶೇ. 5ರ ಟೀ ಟ್ರೀ ಎಣ್ಣೆಯ ಜೆಲ್ಲನ್ನು ಶೇ. 5ರ ಬೆಂಜಾಯ್ಲ್ ಪೆರಾಕ್ಸೈಡ್ ಔಷಧಕ್ಕೆ ಎದುರಿಟ್ಟು ನೋಡಿದಾಗ ಎರಡೂ ಕೆಲಸ ಮಾಡಿದವು. ಎಣ್ಣೆ ನಿಧಾನ, ಆದರೆ ಉರಿ ಕಡಿಮೆ. ಎಣ್ಣೆಯನ್ನು ಬೆರಕೆಯಿಲ್ಲದೆ ಹಚ್ಚಿದರೆ ಚರ್ಮ ಸುಡುತ್ತದೆ ಎಂಬುದು ನೆನಪಿರಲಿ. ಜೇನುತುಪ್ಪ ಸೋತಿದೆ: ನ್ಯೂಜಿಲೆಂಡಿನಲ್ಲಿ 136 ಜನರ ಮೇಲೆ ನಡೆಸಿ 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅಲ್ಲಿನ ಕಾನುಕಾ ಜೇನು ಹಚ್ಚಿದವರಿಗೂ ಬರೀ ಸೋಪು ಬಳಸಿದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಸಿಕ್ಕಲಿಲ್ಲ. ಲೋಳೆಸರವನ್ನು ಔಷಧದ ಜೊತೆಗೆ ಹಚ್ಚಿದಾಗ ಪ್ರಯೋಜನ ಕಂಡಿದೆ. ಅರಿಶಿನ, ಬೇವು ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ತಡೆಯುತ್ತವೆ. ಆದರೆ ತಟ್ಟೆಯಲ್ಲಿ ಬಿರಡೆ ಇರುವುದಿಲ್ಲ. ಕಡಲೆಹಿಟ್ಟು, ಮುಲ್ತಾನಿ ಮಿಟ್ಟಿ ಮೇಲಿನ ಜಿಡ್ಡನ್ನು ಹೀರುತ್ತವೆ, ಅಷ್ಟೇ. ಗಂಧ ತಂಪೆನಿಸುತ್ತದೆ. ಹಚ್ಚಿದ ಜಾಗ ಉರಿಯದಿದ್ದರೆ ಇವನ್ನು ಬೇಡವೆನ್ನಲು ಕಾರಣವಿಲ್ಲ, ಇವುಗಳಿಂದ ಹೊಸ ಮೊಡವೆ ನಿಲ್ಲುತ್ತದೆಂದು ನಂಬಲೂ ಕಾರಣವಿಲ್ಲ.

ತಲೆಗೆ ಹಚ್ಚುವ ಎಣ್ಣೆಯ ವಿಷಯ ಬೇರೆ. 1970ರಲ್ಲಿ ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು, ಕೂದಲಿಗೆ ಜಿಡ್ಡಿನ ಪೊಮೇಡು ಹಚ್ಚುವವರ ಹಣೆಯ ಮೇಲೆ ಸಾಲುಸಾಲಾಗಿ ಏಳುವ ಗುಳ್ಳೆಗಳನ್ನು ವಿವರಿಸಿದರು. ರಾತ್ರಿ ಕೊಬ್ಬರಿ ಎಣ್ಣೆ ಸುರಿದುಕೊಂಡು ಮಲಗುವ ನಮ್ಮ ಹುಡುಗ ಹುಡುಗಿಯರ ಹಣೆಯಲ್ಲೂ ಅದೇ ಸಾಲು ಕಾಣುತ್ತದೆ. ಎಣ್ಣೆ ಬಿಡಬೇಕಿಲ್ಲ, ತಲೆಸ್ನಾನಕ್ಕೆ ಒಂದು ಗಂಟೆ ಮುಂಚೆ ಹಚ್ಚಿ ತೊಳೆದುಕೊಂಡರೆ ಆಯಿತು.

ಕೆಲವನ್ನು ಮಾತ್ರ ಕೈಗೇ ತೆಗೆದುಕೊಳ್ಳಬಾರದು. ಚರ್ಮದ ಮೇಲ್ಮೈ ತೆಳುವಾಗಿ ಹುಳಿ, ಪಿಎಚ್ ಅಳತೆಯಲ್ಲಿ ಸುಮಾರು 5 (ಅಂಕ ಇಳಿದಷ್ಟೂ ಹುಳಿ ಹೆಚ್ಚು). ನಿಂಬೆರಸ 2ರ ಆಸುಪಾಸು, ಅಂದರೆ ಸಾವಿರ ಪಟ್ಟು ಹುಳಿ. ನಿಂಬೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಅದರಲ್ಲಿರುವ ಕೆಲವು ರಾಸಾಯನಿಕಗಳು ಬೆಳಕಿಗೆ ಕೆರಳಿ ಸುಟ್ಟ ಗಾಯವನ್ನೇ ಮಾಡಬಲ್ಲವು. ಅಡುಗೆ ಸೋಡಾ ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಚರ್ಮವನ್ನು ಒಣಗಿಸುತ್ತದೆ. ಟೂತ್‌ಪೇಸ್ಟು ತಯಾರಾದದ್ದು ಹಲ್ಲಿಗೆ. ಉರಿದರೆ ಕೆಲಸ ಮಾಡುತ್ತಿದೆ ಎಂದು ಅರ್ಥವಲ್ಲ. ಆ ಉರಿಯೇ ನಾಳೆಯ ಕಪ್ಪು ಕಲೆ.

ಬಿರಡೆಗೆ ತಲುಪುವ ಔಷಧ

ಮೂಲಬಿರಡೆ ಕಟ್ಟದಂತೆ ನೋಡಿಕೊಳ್ಳುವ ಔಷಧಗಳಿವೆ. ಅವು ತೀರ ನಿಸರ್ಗಕ್ಕೆ ಹೊರತಾದವೂ ಅಲ್ಲ. ಸ್ಯಾಲಿಸಿಲಿಕ್ ಆಮ್ಲದ ಮೂಲ ವಿಲೋ ಮರದ ತೊಗಟೆ. ಅದು ಜಿಡ್ಡಿನಲ್ಲಿ ಕರಗಿ ಕೂಪದೊಳಗೆ ಇಳಿಯುತ್ತದೆ. ಅಜಿಲಾಯಿಕ್ ಆಮ್ಲ ಗೋಧಿ, ಬಾರ್ಲಿಗಳಲ್ಲಿದೆ. ಮೊಡವೆಗೂ ಕಲೆಗೂ ಆಗುತ್ತದೆ. ರೆಟಿನಾಯ್ಡುಗಳು ಎ ಜೀವಸತ್ವದ ಬಳಗ. ಕೂಪದ ಸತ್ತ ಕೋಶಗಳು ಒಂದಕ್ಕೊಂದು ಅಂಟದಂತೆ ಮಾಡುತ್ತವೆ. (ಇವುಗಳಲ್ಲಿ ಮೊದಲನೆಯದಾದ ಟ್ರೆಟಿನಾಯ್ನ್ ಅನ್ನು ಮೊಡವೆಗೆ ಬಳಕೆಗೆ ತಂದವನು ಮೇಲೆ ಹೇಳಿದ ಕ್ಲಿಗ್‌ಮನ್. ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳನ್ನು ಅವನು ಪ್ರಯೋಗಗಳಿಗೆ ಬಳಸಿಕೊಂಡ ಬಗೆ ವೈದ್ಯಲೋಕದ ಕರಾಳ ಅಧ್ಯಾಯಗಳಲ್ಲೊಂದು.) ಬೆಂಜಾಯ್ಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಶೇ. 2.5ರದ್ದೇ ಸಾಕು, ಹೆಚ್ಚಿನದಕ್ಕೆ ಉರಿ ಮಾತ್ರ ಹೆಚ್ಚು. ದಿಂಬಿನ ಬಣ್ಣ ಹೋಗುತ್ತದೆ, ಹಳೆಯ ಬಟ್ಟೆ ಹಾಸಿ.

ಇವೆಲ್ಲ ಸೋಲುವುದು ಒಂದೇ ಕಡೆ. ಹುಡುಗ ಕೆಂಪು ಗುಳ್ಳೆಯ ಮೇಲೆ ಮಾತ್ರ ಚುಕ್ಕೆ ಇಟ್ಟ ಹಾಗೆ ಹಚ್ಚುತ್ತಾನೆ, ಎರಡು ವಾರ ನೋಡಿ, ಹೊಸದು ಎದ್ದಿತೆಂದು ಟ್ಯೂಬನ್ನು ಎಸೆಯುತ್ತಾನೆ. ಆ ಹೊಸದರ ಬಿರಡೆ ಔಷಧ ಮನೆಗೆ ಬರುವ ಮೊದಲೇ ಕಟ್ಟಿತ್ತು. ಕೆನ್ನೆಗೆ, ಹಣೆಗೆ ಪೂರ್ತಿಯಾಗಿ ತೆಳ್ಳಗೆ ಹಚ್ಚಬೇಕು, ಎಂಟರಿಂದ ಹನ್ನೆರಡು ವಾರ ಬಿಡದೆ ಹಚ್ಚಬೇಕು, ಆಮೇಲೆ ತೀರ್ಪು. ಗಂಟು, ಗುಳಿ ಬೀಳುತ್ತಿದ್ದರೆ ಕಾಯುವುದು ಬೇಡ, ಚರ್ಮವೈದ್ಯರನ್ನೇ ಕಾಣಿ. ಅವರು ಕೊಡಬಹುದಾದ ಐಸೊಟ್ರೆಟಿನಾಯ್ನ್ ಮಾತ್ರೆ ಜಿಡ್ಡುಗ್ರಂಥಿಯನ್ನೇ ಕುಗ್ಗಿಸುವಷ್ಟು ಪ್ರಬಲ. ಬಸಿರಿನಲ್ಲಿ ಅದನ್ನು ತೆಗೆದುಕೊಂಡರೆ ಶಿಶುವಿಗೆ ಘೋರ ಅಂಗವೈಕಲ್ಯ ಆಗಬಹುದು. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ನುಂಗುವ ಮಾತೇ ಇಲ್ಲ.

ಟ್ಯೂಬಿನ ಹಿಂಬದಿ

ಅಡುಗೆಮನೆಯ ಯಾವ ಲೇಪಕ್ಕಿಂತಲೂ ನಮ್ಮ ಊರುಗಳಲ್ಲಿ ಮುಖ ಕೆಡಿಸುತ್ತಿರುವುದು ಮೆಡಿಕಲ್ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಕ್ಕುವ ಸ್ಟೀರಾಯ್ಡ್ ಮುಲಾಮು. ಹಚ್ಚಿದ ಕೆಲವೇ ದಿನದಲ್ಲಿ ಕೆಂಪು ಇಳಿಯುತ್ತದೆ, ಮುಖ ಬೆಳ್ಳಗೆ ಕಾಣುತ್ತದೆ. ಅಕ್ಕನಿಂದ ತಂಗಿಗೆ, ತಂಗಿಯಿಂದ ಗೆಳತಿಗೆ ಹೆಸರು ದಾಟುತ್ತದೆ. ಕ್ರಮೇಣ ಚರ್ಮ ತೆಳುವಾಗಿ, ರಕ್ತನಾಳ ಮೇಲೆ ಕಂಡು, ಮೊದಲಿಗಿಂತ ದಟ್ಟವಾಗಿ ಮೊಡವೆ ಏಳುತ್ತದೆ. ನಿಲ್ಲಿಸಿದರೆ ಉರಿ, ಹಚ್ಚಿದರೆ ಹಾನಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ಚೀಟಿ ಇದ್ದವರಿಗೆ ಮಾತ್ರ ಮಾರಬೇಕೆಂದು ನಿಯಮ ಬಿಗಿಮಾಡಿತು. ನಿಯಮದ ಮೇಲೆ ಭಾರ ಹಾಕಿ ಕೂರಬೇಡಿ. ಮುಖಕ್ಕೆಂದು ಯಾರಾದರೂ ಒಂದು ಟ್ಯೂಬು ಕೊಟ್ಟರೆ ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರ ಓದಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಈ ಮೂರರಲ್ಲಿ ಒಂದಿದ್ದರೂ ಮೊಡವೆಗೆ ಹಚ್ಚಬೇಡಿ. ಆಗಲೇ ತಿಂಗಳುಗಟ್ಟಲೆ ಹಚ್ಚಿಯಾಗಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಲು ಹೋಗದೆ, ಆ ಟ್ಯೂಬನ್ನೇ ಕೈಯಲ್ಲಿ ಹಿಡಿದು ಚರ್ಮವೈದ್ಯರ ಬಳಿ ಹೋಗಿ.